ಸೈಕಲ್ಲಿನ ಬ್ರೇಕ್ ರಬ್ಬರ್: ಮೊದಲು ರಿಮ್ ನೋಡಿ

ಅಂಜನಾಪುರದಿಂದ ಕನಕಪುರ ರಸ್ತೆ ಹಿಡಿದು ಕಗ್ಗಲೀಪುರದತ್ತ ಮುಂಜಾನೆ ರೋಡ್ ಸೈಕಲ್ ತುಳಿಯುವವರು ನೀವಾದರೆ, ಮಳೆಗಾಲಕ್ಕೆ ಮುನ್ನ ಬ್ರೇಕ್ ರಬ್ಬರನ್ನು ಒಮ್ಮೆ ಪರೀಕ್ಷಿಸಿ. ಅದರ ಮೇಲಿನ ಗೀರುಗಳು ಸವೆದು ಮಾಯವಾಗಿದ್ದರೆ ಬದಲಾಯಿಸಲೇಬೇಕು.

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ನಿಮ್ಮ ರಿಮ್ ಯಾವುದೆಂದು ಹೇಳಿ. ಅಲ್ಯೂಮಿನಿಯಂ ರಿಮ್ಮಿಗೆ ಒಂದು ಬಗೆ, ಕಾರ್ಬನ್ನಿಗೆ ಇನ್ನೊಂದು. ಅಲ್ಯೂಮಿನಿಯಂ ಮೇಲೆ ಉಜ್ಜಿದ ರಬ್ಬರಿನಲ್ಲಿ ಲೋಹದ ಚೂರುಗಳು ಸಿಕ್ಕಿಕೊಂಡಿರುತ್ತವೆ. ಅದನ್ನೇ ಕಾರ್ಬನ್ ರಿಮ್ಮಿಗೆ ಹಾಕಿದರೆ ದುಬಾರಿ ಚಕ್ರ ಗೀಚಿಹೋಗುತ್ತದೆ. (ಡಿಸ್ಕ್ ಬ್ರೇಕಿನವರಿಗೆ ಈ ಮಾತು ಅನ್ವಯಿಸದು.)

ರಬ್ಬರನ್ನಷ್ಟೇ ಬದಲಿಸುವ ಲೋಹದ ಗೂಡಿದ್ದರೆ, ಅದರ ತೆರೆದ ತುದಿ ಹಿಂಬದಿಗೇ ಇರಲಿ. ಮುಂದಿದ್ದರೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ತಿರುಗುವ ಚಕ್ರವೇ ರಬ್ಬರನ್ನು ಹೊರಗೆಳೆದೀತು. ರಬ್ಬರ್ ಟೈರಿಗೆ ತಾಗಲೂಬಾರದು. ಜೋಡಿಸಿದ ಮೇಲೆ ಮನೆಯ ಮುಂದೆಯೇ ಸೈಕಲ್ ಉರುಳಿಸಿ, ಬ್ರೇಕ್ ಹಿಡಿದು ನೋಡಿ ಹೊರಡಿ.