ಹದ ಕಾಯುವ ಕರಣೆ

ತೀರ್ಥಹಳ್ಳಿ ಸಮೀಪದ ಹಳೆಯ ಮನೆಯೊಂದರ ಕೆಂಪು ನೆಲ ನೋಡಲು ಹೋದವನು, ಅದನ್ನು ಹಾಕಿದ ಮೇಸ್ತ್ರಿಯ ಕರಣೆ ನೋಡುತ್ತಾ ಕೂತುಬಿಟ್ಟೆ. ಅಂಗೈಯಗಲದ ಉಕ್ಕಿನ ಕರಣೆ. ಮೂಲೆಗಳು ಸವೆದು ವೀಳ್ಯದೆಲೆಯ ಆಕಾರಕ್ಕೆ ಬಂದಿವೆ. ಮರದ ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ಗುಳಿಬಿದ್ದಿದೆ.

"ಹೊಸ ಕರಣೆಯಲ್ಲಿ ಪಾಲಿಶ್ ಬರೋದಿಲ್ಲ ಮಾರಾಯ್ರೆ. ಮೂಲೆ ಚೂಪಿದ್ರೆ ಗೀರು ಬೀಳ್ತದೆ. ನಾಲ್ಕೈದು ವರ್ಷ ಗೋಡೆ ಸಾರಣೆಯಲ್ಲಿ ಸವೆಸಿ, ಆಮೇಲೆ ನೆಲಕ್ಕೆ ಇಳಿಸ್ಬೇಕು" ಎಂದರು ಮೇಸ್ತ್ರಿ. ಅವರ ಗೋಣಿಚೀಲದಲ್ಲಿ ಮಟ್ಟಗೋಲು, ರಸಮಟ್ಟ, ಮರದ ಉಜ್ಜುಹಲಗೆ ಎಲ್ಲವೂ ಇದ್ದವು. ಬಟ್ಟೆಯಲ್ಲಿ ಸುತ್ತಿಟ್ಟದ್ದು ಈ ಕರಣೆಯೊಂದನ್ನೇ.

ಅವರ ತಂದೆಯದೂ ಗಾರೆ ಕೆಲಸ. ಆಗ ಗಾರೆಯೆಂದರೆ ಸುಣ್ಣದ್ದು. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಅರೆದದ್ದು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ಮಲೆನಾಡಿನ ಮನೆಗಳಿಗೂ ಬಂದಾಗ ಸುಣ್ಣ ಹಿಂದೆ ಸರಿಯಿತು, ಗಾರೆಯೆಂಬ ಹೆಸರು ಉಳಿಯಿತು.

ಕೆಂಪು ನೆಲಕ್ಕೆ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ರೆಡ್ ಆಕ್ಸೈಡ್. ಇಡೀ ಕೋಣೆಗೆ ಬೇಕಾದಷ್ಟನ್ನು ಒಣಗಿದ್ದಾಗಲೇ ಒಟ್ಟಿಗೆ ಕಲೆಸಿಡಬೇಕು, ಇಲ್ಲವಾದರೆ ಬಣ್ಣ ಬೇರೆಬೇರೆಯಾಗುತ್ತದೆ. ಕೆಳಗಿನ ಗಾರೆ ಇನ್ನೂ ಹಸಿಯಿರುವಾಗ ಮೇಲೆ ತೆಳುವಾಗಿ ಹರಡಬೇಕು. ಮುಂದಿನದು ಕಾಯುವ ಕೆಲಸ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟು ನೀರು ಬಿದ್ದ 30 ನಿಮಿಷದೊಳಗೆ ಬಿಗಿಯತೊಡಗಬಾರದು, 10 ಗಂಟೆಯೊಳಗೆ ಪೂರ್ತಿ ಬಿಗಿಯಬೇಕು. ಈ ನಡುವೆ ಎಲ್ಲೋ ಇರುವ ಹದವನ್ನು ಮೇಸ್ತ್ರಿ ಬೆರಳೊತ್ತಿ ಹಿಡಿಯುತ್ತಾರೆ. ಬೇಗ ಉಜ್ಜಿದರೆ ನೀರು ಮೇಲೇಳುತ್ತದೆ, ತಡವಾದರೆ ಕರಣೆ ಓಡುವುದೇ ಇಲ್ಲ. "ಶಬ್ದ ಕೇಳಿ. ಮೊದಲು ಚರಚರ ಅಂತದೆ. ಹದ ಕೂಡಿ ಬಂದ ಹಾಗೆ ಶಬ್ದ ಸಣ್ಣ ಆಗ್ತದೆ." ಮಂಡಿಯೂರಿ, ಹಲಗೆಯ ಮೇಲೆ ಭಾರ ಹಾಕಿ, ಹಿಂದೆ ಸರಿಯುತ್ತಾ ಉಜ್ಜಿದ್ದು ಎಷ್ಟೋ ಸಲ ನಡುರಾತ್ರಿಯವರೆಗೂ ನಡೆದದ್ದುಂಟು. ಆಮೇಲೆ ವಾರದವರೆಗೆ ನೀರು ಕಟ್ಟಿ ನಿಲ್ಲಿಸುವುದು, ಕೊನೆಗೆ ಕೊಬ್ಬರಿ ಎಣ್ಣೆ.

ಈಗ ಕಾಂಕ್ರೀಟು ನೆಲಕ್ಕೆ ಯಂತ್ರಗಳಿವೆ. ವಜ್ರದ ಕಣ ಕೂರಿಸಿದ ಬಿಲ್ಲೆಗಳು ಒರಟಿನಿಂದ ನಯಕ್ಕೆ ಒಂದೊಂದೇ ನಂಬರು ಏರುತ್ತಾ ಗಟ್ಟಿಯಾದ ನೆಲವನ್ನು ತಿಕ್ಕುತ್ತವೆ. ನಡುವೆ ಲಿಥಿಯಂ ಸಿಲಿಕೇಟ್ ದ್ರಾವಣ ಉಣಿಸಿದರೆ ಅದು ಕಾಂಕ್ರೀಟಿನೊಳಗಿನ ಸುಣ್ಣದ ಅಂಶದೊಡನೆ ಕೂಡಿ ಮೇಲ್ಮೈಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಗೋದಾಮು, ಮಾಲ್‌ಗಳಿಗೆ ಅದೇ ಸರಿ. ಯಂತ್ರ ಸವೆಸಿ ಹೊಳಪು ತರುತ್ತದೆ, ಯಾವಾಗ ಬೇಕಾದರೂ ತರುತ್ತದೆ. ಕರಣೆ ಒತ್ತಿ ಹೊಳಪು ತರುತ್ತದೆ. ಅದಕ್ಕೆ ಸಿಗುವುದು ನೆಲ ಹಾಕಿದ ಆ ಒಂದು ದಿನ ಮಾತ್ರ.

ಆ ದಿನದ ಕೂಲಿ ಕೊಡುವವರು ಕಡಿಮೆಯಾಗಿದ್ದಾರೆ. ಬಿರುಕು ಬಿಟ್ಟೀತೆಂಬ ಹೆದರಿಕೆ ಬೇರೆ. ಟೈಲ್ಸ್ ಆದರೆ ಚದರಡಿ ಲೆಕ್ಕ, ಬೇಗ ಮುಗಿಯುತ್ತದೆ. ಮೇಸ್ತ್ರಿಯ ಮಗನೂ ಟೈಲ್ಸ್ ಕೆಲಸವನ್ನೇ ಹಿಡಿದಿದ್ದಾನೆ. ಮನೆ ಕಟ್ಟಿಸುವವರು ಒಂದು ಜಗಲಿಯನ್ನಾದರೂ ಈ ಕೈಗಳಿಗೆ ಬಿಟ್ಟರೆ, ಜೊತೆಗೆ ಕೂತು ಹದ ಕಲಿಯುವ ಹುಡುಗನೊಬ್ಬ ಸಿಕ್ಕಾನು. ಹದವನ್ನು ಬರೆದಿಟ್ಟು ಉಳಿಸಲಾಗದು.

ಹೊರಡುವಾಗ ಮೇಸ್ತ್ರಿ ಒಳಗಿನಿಂದ ಕೊಬ್ಬರಿ ಎಣ್ಣೆ ತರಿಸಿದರು. ನೆಲಕ್ಕಿರಬೇಕು ಎಂದುಕೊಂಡೆ. ಎರಡು ಹನಿ ಕರಣೆಗೆ ಸವರಿ, ಮಳೆಗಾಲಕ್ಕೆ ತುಕ್ಕು ಹಿಡಿಯಬಾರದೆಂದು, ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟರು.