ಅಭಿಮಾನಿಗಳ ವಾದ-ಸಂವಾದ: ಸಿನಿಮಾ, ರಾಕ್, ಫುಟ್ಬಾಲ್ ಮತ್ತು ಗಡಿನಾಡಿನ ರಸಿಕತೆ

ಚಿತ್ರಮಂದಿರದಲ್ಲಿ ದೀಪ ಹತ್ತಿದೊಡನೆ ಪ್ರೇಕ್ಷಕನಿಗೆ ಮೊದಲು ಬೇಕೆನಿಸುವುದು ಮಾತು. ಪಂದ್ಯ ಮುಗಿದಾಗಲೂ ಅಷ್ಟೆ, ಹೊಸ ಹಾಡೊಂದು ಮನಸ್ಸಿಗೆ ನಾಟಿದಾಗಲೂ ಅಷ್ಟೆ. ನೋಡಿದ್ದು, ಕೇಳಿದ್ದು ಇನ್ನೊಬ್ಬ ಅಭಿಮಾನಿಯ ಮುಂದೆ ಹೇಳಿಕೊಂಡಾಗಲೇ ಪೂರ್ಣವಾಗುತ್ತದೆ. ಇದನ್ನು ಕಾಲಹರಣವೆಂದು ತಳ್ಳಿಹಾಕುವವರುಂಟು. ಆದರೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತುಗಳು ಅಕ್ಕಪಕ್ಕದಲ್ಲೇ ಕೇಳಿಬರುವ ಬೆಳಗಾವಿ ನಗರ ಮತ್ತು ಖಾನಾಪುರದಂತಹ ಕಡೆ ಈ ಹರಟೆಗೆ ಬೇರೆಯೇ ಮಹತ್ವವಿದೆ. ಭಿನ್ನಾಭಿಪ್ರಾಯವನ್ನು ಇಟ್ಟುಕೊಂಡೇ ಜೊತೆಗೆ ಕುಳಿತು ಚಹಾ ಕುಡಿಯುವುದನ್ನು ಜನರು ಕಲಿಯುವುದು ಇಂತಹ ಕಟ್ಟೆಗಳಲ್ಲಿಯೇ.

ಹಳೆಯ ಪರಂಪರೆ

ಈ ಸೀಮೆಗೆ ರಸಿಕತೆ ಹೊಸದೇನಲ್ಲ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ. ಘರಾಣೆಗಳ ಕಟ್ಟನ್ನು ಮೀರಿದ ಅವರ ಗಾಯನ ಕೇಳುಗರನ್ನೇ ಎರಡು ಪಂಗಡ ಮಾಡಿತ್ತು. ಮರಾಠಿ ಲೇಖಕ ಪು.ಲ. ದೇಶಪಾಂಡೆ ಇಲ್ಲಿನ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರು. ಅವರ ‘ಗಣಗೋತ’ ಸಂಕಲನದ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರ ಬೆಳಗಾವಿಯ ರಸಿಕರೊಬ್ಬರದು. ಅವರ ಮರಾಠಿಯಲ್ಲಿ ಕನ್ನಡದ ಧಾಟಿ ಎದ್ದು ಕೇಳುತ್ತದೆ. ಮೆಚ್ಚುಗೆಯಾಗಲಿ, ಬೈಗುಳವಾಗಲಿ ಮುಲಾಜಿಲ್ಲದೆ ಬರುತ್ತದೆ. ಎರಡು ಭಾಷೆಗಳ ನಡುವೆ ನಿಂತು ನಿಸ್ಸಂಕೋಚವಾಗಿ ಅಭಿಪ್ರಾಯ ಹೇಳುವ ಇಂತಹ ವ್ಯಕ್ತಿ ಈ ನೆಲದ್ದೇ ಬೆಳೆ.

ಸಂಗೀತದ ಬೈಠಕ್‌ಗಳು ಇನ್ನೊಂದು ಪಾಠವನ್ನೂ ಕಲಿಸಿವೆ. ಅಲ್ಲಿ ಕೇಳುಗನ ‘ವಾಹ್’ ಹೊರಡಬೇಕಾದದ್ದು ಸರಿಯಾದ ಜಾಗದಲ್ಲಿ. ಎಲ್ಲೆಂದರಲ್ಲಿ ತಲೆದೂಗುವವನಿಗೆ ರಸಿಕರ ನಡುವೆ ಬೆಲೆಯಿಲ್ಲ. ಯಾವುದು ಹಿಡಿಸಿತು ಎನ್ನುವುದಕ್ಕಿಂತ ಎಲ್ಲಿ, ಏಕೆ ಹಿಡಿಸಿತು ಎನ್ನುವುದು ಮುಖ್ಯ. ಸಿನಿಮಾ, ರಾಕ್, ಫುಟ್ಬಾಲ್ ಮೂರಕ್ಕೂ ಈ ನಿಯಮ ಅನ್ವಯಿಸುತ್ತದೆ.

ಒಂದೇ ಕಥೆ, ಎರಡು ಸಿನಿಮಾ

ನಾಗರಾಜ ಮಂಜುಳೆ ನಿರ್ದೇಶನದ ಮರಾಠಿ ಚಿತ್ರ ‘ಸೈರಾಟ್’ ಬಿಡುಗಡೆಯಾದದ್ದು 2016ರ ಏಪ್ರಿಲ್‌ನಲ್ಲಿ. ಮರುವರ್ಷವೇ ಅದು ಎಸ್. ನಾರಾಯಣ್ ನಿರ್ದೇಶನದಲ್ಲಿ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ಬಂತು. ಎರಡರಲ್ಲಿಯೂ ನಾಯಕಿ ರಿಂಕು ರಾಜಗುರು, ಎರಡಕ್ಕೂ ಅಜಯ್-ಅತುಲ್ ಸಂಗೀತ. ರಾಜ್ಯದ ಬಹುಪಾಲು ಪ್ರೇಕ್ಷಕರಿಗೆ ಕನ್ನಡದ ಅವತರಣಿಕೆಯೊಂದೇ ಪೂರ್ತಿ ಅರ್ಥವಾಗುವಂಥದ್ದು. ಬೆಳಗಾವಿ, ಖಾನಾಪುರದ ದ್ವಿಭಾಷಿಕ ಪ್ರೇಕ್ಷಕನಾದರೋ ಎರಡನ್ನೂ ಉಪಶೀರ್ಷಿಕೆಯ ಹಂಗಿಲ್ಲದೆ ನೋಡಬಲ್ಲ.

ಕಥೆ, ನಾಯಕಿ, ಸಂಗೀತ ಬದಲಾಗದಿದ್ದ ಮೇಲೆ ಬದಲಾದದ್ದೇನು ಎಂಬ ಪ್ರಶ್ನೆಯನ್ನು ಆತ ಕೇಳಬಲ್ಲ. ಮೂಲ ಚಿತ್ರದ ಬಲ ಸೋಲಾಪುರ ಜಿಲ್ಲೆಯ ಕರ್ಮಾಳ ಸೀಮೆಯ ನೆಲದಲ್ಲಿ, ಅಲ್ಲಿನ ಆಡುಮಾತಿನಲ್ಲಿ, ಜಾತಿಯ ಕಟು ವಾಸ್ತವದಲ್ಲಿದೆ. ಒಂದು ಊರಿನ ಕಥೆಯನ್ನು ಇನ್ನೊಂದು ಊರಿಗೆ ಒಯ್ಯುವಾಗ ಆಡುಮಾತನ್ನೂ ಹೊಸದಾಗಿ ಹುಡುಕಬೇಕಾಗುತ್ತದೆ. ಕನ್ನಡ ಚಿತ್ರರಂಗ ಉತ್ತರ ಕರ್ನಾಟಕದ ಮಾತನ್ನು ಹೆಚ್ಚಾಗಿ ನಗಿಸುವ ಪಾತ್ರಗಳಿಗೆ ಮೀಸಲಿಡುತ್ತದೆ ಎಂಬುದು ಈ ಭಾಗದ ಪ್ರೇಕ್ಷಕರ ಹಳೆಯ ಅಸಮಾಧಾನ. ಎರಡು ಚಿತ್ರಗಳ ಹೋಲಿಕೆ ಅಲ್ಲಿಗೆ ಮುಟ್ಟಿದರೆ ಹರಟೆ ವಿಮರ್ಶೆಯಾಗುತ್ತದೆ. ‘ನಮ್ಮ ಭಾಷೆಯದೇ ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ಸಿನಿಮಾ ಪಕ್ಕಕ್ಕೆ ಸರಿದು ಬರಿಯ ಪಕ್ಷಪಾತ ಉಳಿಯುತ್ತದೆ.

ಗಿಟಾರಿನ ಜೊತೆಗೆ ತತ್ತ್ವಪದ

ರಾಕ್ ಸಂಗೀತದ ಅಭಿಮಾನಿಗಳು ಇಲ್ಲಿ ಅಲ್ಪಸಂಖ್ಯಾತರು. ಬ್ರಿಟನ್ನಿನ ಐರನ್ ಮೇಡನ್ ತಂಡ 2007ರಲ್ಲಿ, ಅಮೆರಿಕದ ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು. ಬೆಳಗಾವಿಯವರಿಗೆ ಅದು ಸುಮಾರು 500 ಕಿ.ಮೀ. ದೂರದ ಮಾತು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿರುವ ನಗರದಲ್ಲಿ ಹಾಸ್ಟೆಲ್ ಕೋಣೆಗಳೇ ಇಂತಹ ಅಭಿಮಾನಿಗಳ ಕಟ್ಟೆ. ಸಮಾನ ಅಭಿರುಚಿಯ ಒಬ್ಬನೇ ಗೆಳೆಯ ಸಿಕ್ಕರೂ ದೊಡ್ಡ ಭಾಗ್ಯ.

ಆದರೆ ರಾಕ್ ವಾದ್ಯಗಳು ನಮ್ಮದೇ ಹಾಡನ್ನು ಎತ್ತಿಕೊಂಡಾಗ ವಾದಕ್ಕೆ ಎಲ್ಲರೂ ಇಳಿಯುತ್ತಾರೆ. ರಘು ದೀಕ್ಷಿತ್ ಅವರ ತಂಡ 2008ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ಪದವನ್ನು ಹಾಡಿತು. ‘ತತ್ತ್ವಪದಕ್ಕೆ ಗಿಟಾರು, ಡ್ರಮ್ಸ್ ಯಾಕ್ರೀ?’ ಎಂಬ ಆಕ್ಷೇಪ ಸಹಜ. ಇದಕ್ಕೆ ಉತ್ತರವೂ ಇದೆ. ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಧ್ವನಿಮುದ್ರಣ ಇಲ್ಲ. ಇಂದು ಬಹುಮಂದಿ ‘ಮೂಲ’ವೆಂದು ತಿಳಿದಿರುವ ಧಾಟಿ ಸಿ. ಅಶ್ವತ್ಥ್ ಅವರು ಇಪ್ಪತ್ತನೆಯ ಶತಮಾನದಲ್ಲಿ ಕೂಡಿಸಿದ್ದು. ಅವರೇ ಸಂಗೀತ ನೀಡಿದ, ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ ಚಿತ್ರ ತೆರೆಗೆ ಬಂದದ್ದು 1990ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಭಜನಾ ಮೇಳಗಳು ತಮ್ಮ ತಮ್ಮ ಧಾಟಿಯಲ್ಲಿ ಹಾಡುತ್ತಲೇ ಇದ್ದವು. ಆದ್ದರಿಂದ ಗಿಟಾರು ಇರಬೇಕೇ ಬೇಡವೇ ಎನ್ನುವುದಕ್ಕಿಂತ, ಆ ಅಬ್ಬರದ ನಡುವೆ ಪದದ ಅರ್ಥ ಕೇಳುಗನನ್ನು ಮುಟ್ಟಿತೇ ಎಂದು ಕೇಳುವುದು ಮೇಲು. ಭಜನೆ ಹಾಡುವ ಅಜ್ಜನೂ ಹಾಸ್ಟೆಲಿನ ಹುಡುಗನೂ ಇಬ್ಬರೂ ಉತ್ತರಿಸಬಹುದಾದ ಪ್ರಶ್ನೆ ಇದು.

ಎರಡು ತವರು ತಂಡಗಳು

ಸೇನೆಯ ದಂಡು ಮತ್ತು ಮಿಷನ್ ಶಾಲೆಗಳಿದ್ದ ಊರುಗಳಲ್ಲಿ ಫುಟ್ಬಾಲ್ ಬೇಗ ಬೇರುಬಿಟ್ಟಿತು. ಮರಾಠಾ ಲಘು ಪದಾತಿದಳದ ರೆಜಿಮೆಂಟ್ ಕೇಂದ್ರವೂ, 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆಯೂ ಇರುವ ಬೆಳಗಾವಿ ಅಂತಹ ಊರು. ಅದರ ಜೊತೆಗೆ ಗೋವೆಯ ನಂಟು. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ ಮಲಪ್ರಭೆಯ ದಂಡೆಯಲ್ಲಿರುವ ಖಾನಾಪುರದ ತಾಲ್ಲೂಕು ಗೋವಾ ಗಡಿಗೆ ತಾಗಿಕೊಂಡಿದೆ. ಜಾಂಬೋಟಿ, ಕಣಕುಂಬಿಯ ಮೂಲಕ ಚೋರ್ಲಾ ಘಾಟ್ ರಸ್ತೆ, ಲೋಂಡಾದ ಮೂಲಕ ರೈಲುಮಾರ್ಗ ಎರಡೂ ಗೋವೆಯತ್ತ ಇಳಿಯುತ್ತವೆ.

ಹೀಗಾಗಿ ಇಲ್ಲಿನ ಅಭಿಮಾನಿಗೆ ತವರು ತಂಡಗಳು ಎರಡು: ರಾಜ್ಯದ ಲೆಕ್ಕದಲ್ಲಿ ಬೆಂಗಳೂರು ಎಫ್‌ಸಿ, ದೂರದ ಲೆಕ್ಕದಲ್ಲಿ ಎಫ್‌ಸಿ ಗೋವಾ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಇವೆರಡೇ ಎದುರುಬದುರಾದವು. ನಿಗದಿತ 90 ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಗೋವೆಯ ಅಹ್ಮದ್ ಜಾಹೂ ಕೆಂಪು ಕಾರ್ಡ್ ಕಂಡು ಹೊರನಡೆದರು. 117ನೆಯ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ರಾಹುಲ್ ಭೇಕೆ ತಲೆಯಿಂದ ಗುರಿಗೆ ಸೇರಿಸಿ ಬೆಂಗಳೂರಿಗೆ ಕಪ್ ತಂದುಕೊಟ್ಟರು. ಹನ್ನೊಂದು ಮಂದಿ ಇದ್ದಿದ್ದರೆ ಗೋವಾ ಆ ಗೋಲನ್ನು ತಡೆಯುತ್ತಿತ್ತೇ? ಕಾರ್ನರ್‌ ರಕ್ಷಣೆಯಲ್ಲಿ ಎಡವಿದವರು ಯಾರು? ಇದನ್ನು ತೀರ್ಮಾನಿಸಲು ಅಭಿಮಾನಿಯ ಮಾತೃಭಾಷೆ ಯಾವುದೆಂದು ಕೇಳಬೇಕಿಲ್ಲ. ಆತ ಪಂದ್ಯವನ್ನು ಗಮನವಿಟ್ಟು ನೋಡಿದ್ದನೇ ಎಂದಷ್ಟೇ ಕೇಳಿದರೆ ಸಾಕು.

ಭಿನ್ನಮತದ ಅಭ್ಯಾಸ

2022ರ ಡಿಸೆಂಬರ್ ಮೊದಲ ವಾರದಲ್ಲಿ ಗಡಿ ವಿವಾದ ಮತ್ತೆ ಕಾವೇರಿ ಕರ್ನಾಟಕ-ಮಹಾರಾಷ್ಟ್ರ ನಡುವಣ ಬಸ್ ಸಂಚಾರಕ್ಕೂ ಅಡ್ಡಿಯಾಯಿತು. ಅದೇ ದಿನಗಳಲ್ಲಿ ಕತಾರ್‌ನಲ್ಲಿ ವಿಶ್ವಕಪ್ ನಡೆದಿತ್ತು. ಡಿಸೆಂಬರ್ 18ರ ಫೈನಲ್ 3-3ರಿಂದ ಸಮನಾಗಿ, ಪೆನಾಲ್ಟಿಗಳಲ್ಲಿ ಅರ್ಜೆಂಟೀನ 4-2ರಿಂದ ಫ್ರಾನ್ಸನ್ನು ಮಣಿಸಿತು. ಗೆದ್ದ ಮೆಸ್ಸಿ ದೊಡ್ಡವನೋ, ಮೂರು ಗೋಲು ಹೊಡೆದೂ ಸೋತ ಎಂಬಾಪೆ ದೊಡ್ಡವನೋ ಎಂಬ ಜಗಳದಲ್ಲಿ ಪಕ್ಷಗಳು ಒಡೆಯುವುದು ಭಾಷೆಯ ಗೆರೆಯ ಮೇಲಲ್ಲ. ಇಲ್ಲಿ ಕನ್ನಡಿಗ ಕನ್ನಡಿಗನ ವಿರುದ್ಧವೂ, ಮರಾಠಿಗ ಕನ್ನಡಿಗನ ಜೊತೆಗೂ ನಿಲ್ಲಬಲ್ಲ.

ಇದರಿಂದ ಗಡಿ ವಿವಾದ ಬಗೆಹರಿಯುವುದಿಲ್ಲ, ನಿಜ. ಆದರೆ ಒಂದೇ ವಿಷಯದಲ್ಲಿ ಎದುರಾಳಿಯಾದವನು ಎಲ್ಲ ವಿಷಯಗಳಲ್ಲಿಯೂ ವೈರಿಯಲ್ಲ ಎಂಬ ಅರಿವು ಇಂತಹ ಮಾತುಕತೆಯಿಂದ ನಿತ್ಯವೂ ಗಟ್ಟಿಯಾಗುತ್ತದೆ. ಅದಕ್ಕೆ ಬೇಕಾದದ್ದು ಇಷ್ಟೆ: ನೋಡದೆ ಮಾತನಾಡದಿರುವುದು, ಮೆಚ್ಚುಗೆಗೂ ತಿರಸ್ಕಾರಕ್ಕೂ ಕಾರಣ ಕೊಡುವುದು, ಮತ್ತು ಎದುರಿನವರ ಕಾರಣ ಬಲವಾಗಿದ್ದರೆ ನಗುತ್ತ ಒಪ್ಪಿಕೊಳ್ಳುವುದು. ನೆಚ್ಚಿನ ನಟ, ವಾದ್ಯತಂಡ, ಆಟಗಾರರು ಕಾಲಕ್ಕೆ ತಕ್ಕಂತೆ ಬದಲಾಗುತ್ತಾರೆ. ಅವರ ನೆಪದಲ್ಲಿ ಕೂಡಿದ ಗೆಳೆತನ ಮಾತ್ರ ಈ ಊರುಗಳಿಗೆ ಬಹುಕಾಲ ಬೇಕಾಗುವಂಥದ್ದು.