ಪ್ರಾಜೆಕ್ಟ್ ನಿರ್ವಹಣೆಯ ಬೋಧನೆ: ಮುಡುಕುತೊರೆಯ ನಿದರ್ಶನ

ಕನ್ನಡದಲ್ಲಿ ‘ಯೋಜನೆ’ ಎಂಬ ಒಂದೇ ಪದವು ಕಾರ್ಯದ ರೂಪುರೇಷೆಗೂ ಸಲ್ಲುತ್ತದೆ, ಕೈಗೊಂಡ ಕಾರ್ಯಕ್ಕೂ ಸಲ್ಲುತ್ತದೆ. ಪ್ರಾಜೆಕ್ಟ್ ನಿರ್ವಹಣೆಯನ್ನು ಕನ್ನಡದಲ್ಲಿ ಬೋಧಿಸುವಾಗ ಎದುರಾಗುವ ಮೊದಲ ತೊಡಕು ಇದೇ. ರೂಪುರೇಷೆಗೆ ‘ಯೋಜನೆ’ಯನ್ನು ಉಳಿಸಿಕೊಂಡು ಕಾರ್ಯವನ್ನು ‘ಪ್ರಾಜೆಕ್ಟ್’ ಎಂದೇ ಕರೆಯುವುದು ಲೇಸು. ಆದಿ ಅಂತ್ಯಗಳುಳ್ಳ, ಯಥಾವತ್ತಾಗಿ ಮರುಕಳಿಸದ ಕಾರ್ಯವೇ ಪ್ರಾಜೆಕ್ಟ್. ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯನ್ನು ತೋರಿಸುವುದು ಹೆಚ್ಚು ಫಲಕಾರಿ.

ಅಲ್ಲಿನ ಬೆಟ್ಟದ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆ ಪ್ರತಿವರ್ಷದ್ದು. ಅದರ ಕೆಲಸಗಳು ಬಹುಮಟ್ಟಿಗೆ ರೂಢಿಯಿಂದಲೇ ಸಾಗುತ್ತವೆ. ತಲಕಾಡಿನ ಪಂಚಲಿಂಗ ದರ್ಶನ ಹಾಗಲ್ಲ. ಕಾರ್ತಿಕ ಸೋಮವಾರದಂದು ಪಂಚಾಂಗದ ವಿಶಿಷ್ಟ ಯೋಗ ಕೂಡಿದಾಗ ಮಾತ್ರ ಅದು ಒದಗುತ್ತದೆ. 2009ರ ಬಳಿಕ ಅದು ನಡೆದದ್ದು 2013ರಲ್ಲಿ, ಆಮೇಲೆ 2020ರಲ್ಲಿ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಈ ಐದನ್ನೂ ಒಂದೇ ದಿನ ದರ್ಶಿಸುವುದು ಸಂಪ್ರದಾಯ.

ದಿನವನ್ನು ಮುಂದೂಡುವಂತಿಲ್ಲ. ಆದ್ದರಿಂದ ವಿದ್ಯಾರ್ಥಿಯು ಕಡೆಯಿಂದ ಹಿಮ್ಮುಖವಾಗಿ ಎಣಿಸಬೇಕಾಗುತ್ತದೆ: ಸರತಿಯ ಸಾಲಿಗೆ ಮೊದಲು ತಡೆಬೇಲಿ, ಅದಕ್ಕೂ ಮೊದಲು ಮರಳಿನಲ್ಲಿ ದಾರಿ. ಯಾವ ಕೆಲಸಗಳ ಸರಪಳಿ ತಡವಾದರೆ ಇಡೀ ಕಾರ್ಯವೇ ತಡವಾಗುವುದೋ ಅದೇ ‘ನಿರ್ಣಾಯಕ ಪಥ’. 2020ರ ಡಿಸೆಂಬರ್ 14ರ ದರ್ಶನಕ್ಕೆ ಕೋವಿಡ್ ಕಾರಣದಿಂದ ಭಕ್ತರ ಸಂಖ್ಯೆಯನ್ನು ಮಿತಿಗೊಳಿಸಲಾಯಿತು. ದಿನ ಕದಲಲಿಲ್ಲ, ವ್ಯಾಪ್ತಿ ಕುಗ್ಗಿತು.